ಹಳೆಯ ಕಡತಗಳೂ ಹೊಸ ಗಣಕಯಂತ್ರಗಳೂ

ವಚನವಾಙ್ಮಯವನ್ನು ತಾಳೆಗರಿಯಿಂದ ಅಚ್ಚಿಗೆ ತಂದ ಕಾರ್ಯದಲ್ಲಿ ನಮ್ಮ ವಿಜಯಪುರದ ಪಾಲು ಹಿರಿದಾದುದು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದ ಫ. ಗು. ಹಳಕಟ್ಟಿಯವರು 1925ರಲ್ಲಿ ಈ ಊರಿನಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಗರಿ ಹುಳುಹಿಡಿದು ಹೋಗುವ ಮುನ್ನವೇ ಅದರೊಳಗಿನ ಮಾತನ್ನು ಹೊಸ ಸಾಧನಕ್ಕೆ ಏರಿಸಬೇಕೆಂಬ ತವಕ ಅವರದು. ಅದೇ ತವಕ ಇಂದು ನಮ್ಮ ಗಣಕಯಂತ್ರಗಳ ವಿಷಯದಲ್ಲಿಯೂ ಬೇಕಾಗಿದೆ ಎಂದರೆ ವಾಚಕರು ನಗಬಾರದು. ತಾಳೆಗರಿ ಶತಮಾನಗಳನ್ನು ಬಾಳಿತು. ಗಣಕದ ಕಡತ ಇಪ್ಪತ್ತು ವರ್ಷಕ್ಕೇ ಓದಲು ಬಾರದಂತಾಗಿದೆ.

ಕಾರಣವಿಷ್ಟೆ. ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಕನ್ನಡಕ್ಕೆ ಸ್ವಂತ ಮನೆಯಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೂ ಇತರ ಚಿಹ್ನೆಗಳಿಗೂ ಮೀಸಲಾದ ಮನೆಗಳಲ್ಲಿ ತಲೆಕಟ್ಟು, ಕೊಂಬು, ಒತ್ತುಗಳ ತುಂಡುಗಳನ್ನು ಕೂಡಿಸಿದ್ದರು. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿಯೇ ಕಾಣುತ್ತದೆ. ನುಡಿಯ ಮನೆಗಳ ಕ್ರಮವಂತೂ ಶ್ರೀಲಿಪಿಗೆ ಹೊಂದದು. ಪುಟ ಜೋಡಿಸುತ್ತಿದ್ದ ಪೇಜ್‌ಮೇಕರ್ 2001ರ ಏಳನೆಯ ಆವೃತ್ತಿಗೇ ನಿಂತಿತು. ವಿಂಡೋಸ್ ಎಕ್ಸ್‌ಪಿಗೆ ದೊರೆಯುತ್ತಿದ್ದ ಬೆಂಬಲ 2014ರಲ್ಲಿ ಮುಗಿಯಿತು.

1991ರಲ್ಲಿ ಪ್ರಕಟವಾದ ಯೂನಿಕೋಡು ಕನ್ನಡಕ್ಕೆಂದೇ 128 ಸ್ಥಾನಗಳನ್ನು ಕಾದಿರಿಸಿತು. ಱಕಾರ ೞಕಾರಗಳಿಗೂ ಅಲ್ಲಿ ಎಡೆಯುಂಟು. ‘ಧರ್ಮ’ ಎಂಬ ಶಬ್ದವನ್ನೇ ನೋಡಿರಿ: ಹಳೆಯ ವಿನ್ಯಾಸ ಕಣ್ಣಿಗೆ ಕಾಣುವಂತೆ ಧ, ಮ, ಆಮೇಲೆ ಅರ್ಕಾವೊತ್ತು ಎಂದು ಜೋಡಿಸುತ್ತದೆ, ಯೂನಿಕೋಡು ಬಾಯಿ ನುಡಿಯುವಂತೆ ರೇಫವನ್ನು ಮೊದಲಿರಿಸಿ ಮಕಾರವನ್ನು ಅನಂತರ ಇರಿಸುತ್ತದೆ. ವೈಯಾಕರಣರಿಗೆ ಒಪ್ಪುವ ಕ್ರಮವಿದು. ಶಬ್ದವನ್ನು ಹುಡುಕುವುದೂ ಅಕಾರಾದಿಯಾಗಿ ಹೊಂದಿಸುವುದೂ ಇದರಿಂದಲೇ ಸುಗಮ. ಬೆರಳಚ್ಚಿನವರು ಅಂಜಬೇಕಾಗಿಲ್ಲ, ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯೇ ಇಲ್ಲಿಯೂ ನಡೆಯುತ್ತದೆ.

ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಆದರೆ ಅವುಗಳ ಮೇಲೆ ಪೂರ್ಣ ಭರವಸೆ ಸಲ್ಲದು. ಅರ್ಕಾವೊತ್ತು ತಪ್ಪಿ ಕೂಡುವುದುಂಟು. ನಡುವೆ ಬಂದ ಇಂಗ್ಲಿಷ್ ಶಬ್ದಗಳು ವಿಕಾರವಾದ ಕನ್ನಡವಾಗಿ ಬಿಡುತ್ತವೆ. ದಾನಿಗಳ ಹೆಸರಿನ ಮುಂದಿನ ಪದವಿಗಳ ಗತಿ ಏನೆಂಬುದನ್ನು ಹೇಳದಿರುವುದೇ ಲೇಸು! ಕರಡು ತಿದ್ದುವ ಕಣ್ಣು ಬೇಕೇ ಬೇಕು.

ಅಚ್ಚಾದ ಪುಸ್ತಕವೇ ಕಪಾಟಿನಲ್ಲಿರುವಾಗ ಕಡತವೇಕೆ ಎಂದು ಕೇಳುವವರಿದ್ದಾರೆ. ಮರುಮುದ್ರಣದ ದಿನ ಅವರೇ ಪುನಃ ಅಕ್ಷರ ಜೋಡಣೆಯ ವೆಚ್ಚವನ್ನು ತೆರಬೇಕಾದೀತು. ಅದಕ್ಕಿಂತ ಮಿಗಿಲಾಗಿ, ಅಚ್ಚನ್ನೇ ಕಾಣದ ಬರಹಗಳು ಎಷ್ಟೋ ಇವೆ: ದಾಸೋಹದ ಲೆಕ್ಕ, ಪ್ರಸಾದನಿಲಯದ ವಿದ್ಯಾರ್ಥಿಗಳ ಯಾದಿ, ಲಿಂಗೈಕ್ಯ ಗುರುಗಳ ಆಶೀರ್ವಚನಗಳ ಬರವಣಿಗೆ. ಇವು ಆ ಹಳೆಯ ಪೆಟ್ಟಿಗೆಗಳಲ್ಲಿ ಮಾತ್ರ ಇವೆ.

ಆದುದರಿಂದ ದಾನಿ ಮಹಾಶಯರಲ್ಲಿ ನನ್ನ ಅರಿಕೆ: ಹೊಸ ಗಣಕವನ್ನು ದಯಪಾಲಿಸುವಾಗ ಹಳೆಯದರ ಕಡತಗಳ ಪರಿವರ್ತನೆಗೂ ಒಂದು ಪಾಲನ್ನು ಸೇರಿಸಿರಿ. ಆ ಕಾರ್ಯ ಮುಗಿಯುವವರೆಗೆ ಹಳೆಯ ಯಂತ್ರವನ್ನು ಗುಜರಿಗೆ ಹಾಕಬಾರದೆಂದು ಆಡಳಿತ ಮಂಡಳಿಯೂ ನಿಯಮಿಸಲಿ. ತಿಕೋಟಾ, ಬಬಲೇಶ್ವರಗಳಲ್ಲಿ ಡಿ.ಟಿ.ಪಿ. ಅಂಗಡಿಗಳನ್ನು ನಡೆಸುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಪೇಜ್‌ಮೇಕರ್ ನಡೆಯುವ ಯಂತ್ರವಿದ್ದರೆ ಬೇಸಿಗೆಯ ರಜೆಗೆ ಶಾಲೆಗೆ ಕಡ ಕೊಡಲಿ. ಕರಡು ತಿದ್ದಲು ನಾವು ಕನ್ನಡ ಶಿಕ್ಷಕರು ಸಿದ್ಧರಿದ್ದೇವೆ.