ಚಿಮಣಿ ಅಳೆಯೋಕೆ ದುಡ್ಡು ಕೊಡೋದು ಯಾರು?

ಚಿಮಣಿ ಹೊಗೆ ಪರೀಕ್ಷೆಯ ಕಿಟ್‌ನಲ್ಲಿ ಮಹಾ ಗುಟ್ಟೇನಿಲ್ಲ. ಪಿಟಾಟ್ ಕೊಳವೆ, ಧೂಳು ಹಿಡಿಯುವ ಫಿಲ್ಟರ್, ಪಂಪು, ಮೀಟರು. ಇಷ್ಟನ್ನು ಹೊತ್ತು ಹುಡುಗನೊಬ್ಬ ಏಣಿ ಹತ್ತಿ, ಚಿಮಣಿಯ ತೂತಿಗೆ ಕೊಳವೆ ತೂರಿಸಿ, ಕಾದ ಲೋಹದ ಪಕ್ಕ ನಿಂತು ಸ್ಯಾಂಪಲ್ ತೆಗೀಬೇಕು.

ಈ ಕಿಟ್ ಮಾಡಿ ಮಾರುವ ಸಣ್ಣ ಉದ್ದಿಮೆಗಳು ಬದುಕಿರೋದೇ ಕಾನೂನಿನಿಂದ. ಮಾಲಿನ್ಯ ಮಂಡಳಿ ಕೇಳದಿದ್ರೆ ಎಷ್ಟು ಮಾಲೀಕರು ತಮ್ಮ ಚಿಮಣಿ ಅಳೆಸಿಯಾರು? ಹೆಚ್ಚಿನವರಿಗೆ ಬೇಕಿರೋದು ಅಳತೆಯಲ್ಲ, 'ಪಾಸ್' ಅನ್ನೋ ಚೀಟಿ. ಹಾಗಿದ್ದಾಗ ನಿಖರವಾದ ಕಿಟ್‌ಗೆ ಹೆಚ್ಚು ಬೆಲೆ ಯಾಕೆ ಕೊಡ್ತಾರೆ? ಅಗ್ಗದ್ದು ಸಾಕು.

ಇದು ಬರೀ ಅನುಮಾನ ಅಲ್ಲ. ಗುಜರಾತಿನಲ್ಲಿ ಎಸ್ತರ್ ಡಫ್ಲೊ ಮತ್ತು ಸಂಗಡಿಗರು 2009ರಿಂದ ಎರಡು ವರ್ಷ ಪ್ರಯೋಗ ನಡೆಸಿದರು. ಕಾರ್ಖಾನೆಯೇ ಆಡಿಟರ್‌ಗೆ ದುಡ್ಡು ಕೊಡುವ ಹಳೆ ಪದ್ಧತಿಯಲ್ಲಿ, ಧೂಳಿನ ಮಿತಿ ಮೀರಿದ್ದು ಶೇ. 7 ಕಾರ್ಖಾನೆ ಮಾತ್ರ ಅಂತ ವರದಿ. ಬೇರೆಯವರು ಹೋಗಿ ಅಳೆದರೆ ಶೇ. 59! ಆಮೇಲೆ ಕೆಲವು ಕಾರ್ಖಾನೆಗಳಿಗೆ ಆಡಿಟರ್‌ನನ್ನು ಲಾಟರಿಯಲ್ಲಿ ಆರಿಸಿ, ಸಂಬಳ ಸಾಮಾನ್ಯ ನಿಧಿಯಿಂದ ಕೊಟ್ಟು, ಮರುಪರೀಕ್ಷೆಯನ್ನೂ ಇಟ್ಟರು. ವರದಿ ನಿಜವಾಯ್ತು, ಹೊಗೆಯೂ ಇಳೀತು.

2014ರಲ್ಲಿ ಕೇಂದ್ರ ಮಂಡಳಿ 17 ಬಗೆಯ ಉದ್ದಿಮೆಗಳಿಗೆ ಆನ್‌ಲೈನ್ ಮೀಟರ್ ಕಡ್ಡಾಯ ಮಾಡಿತು. ಯಂತ್ರ ಲಂಚ ತಿನ್ನಲ್ಲ, ಸರಿ. ಆದರೆ ಅದನ್ನು ಕೊಳ್ಳೋದು, ರಿಪೇರಿ ಬಿಲ್ ಕಟ್ಟೋದು ಮತ್ತದೇ ಕಾರ್ಖಾನೆ. ಕರ್ನಾಟಕ ಮಂಡಳಿ ಈ ಹಣವನ್ನು ಮೊದಲು ತನ್ನ ಬಳಿ ಕಟ್ಟಿಸಿಕೊಂಡು, ಅಳೆಯುವವರನ್ನು ತಾನೇ ಕಳಿಸಲಿ. ಸರಿಯಾದ ಕಿಟ್ ಮಾಡೋ ಸಣ್ಣ ಉದ್ದಿಮೆಗೂ ಆಗ ನಿಜವಾದ ಗಿರಾಕಿ ಸಿಗ್ತಾನೆ.