ಹಡಗು ನಿಧಾನಿಸಲಿ, ತಿಮಿಂಗಿಲ ಬದುಕಲಿ

ಅಡಿಕೆ ತೋಟಕ್ಕೆ ನಾವು ಹಾಕುವ ಪೊಟ್ಯಾಷ್ ಬಹುತೇಕ ಪೂರ್ತಿಯಾಗಿ ಪರದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಕೆನಡಾ ಅದನ್ನು ಒದಗಿಸುವ ದೇಶಗಳಲ್ಲೊಂದು. ಘಟ್ಟದ ಕಾಫಿಯೂ ಮಂಗಳೂರಿನಲ್ಲಿ ಹಡಗೇರಿಯೇ ಯುರೋಪನ್ನು ಸೇರುತ್ತದೆ. ಆದ್ದರಿಂದ ಕಡಲಿನಲ್ಲಿ ಹಡಗುಗಳು ಮಾಡುತ್ತಿರುವ ಹಾನಿ ಮಲೆನಾಡಿನವರಿಗೆ ಸಂಬಂಧಿಸದ ವಿಷಯವೆನ್ನಲಾಗದು.

ಅಮೆರಿಕ ಮತ್ತು ಕೆನಡಾಗಳ ಪೂರ್ವ ಕರಾವಳಿಯಲ್ಲಿ ‘ರೈಟ್ ವೇಲ್’ ಎಂಬ ತಿಮಿಂಗಿಲವಿದೆ. ಸುಮಾರು 15 ಮೀಟರ್ ಉದ್ದದ ಈ ಪ್ರಾಣಿ ನಿಧಾನವಾಗಿ ಈಜುತ್ತದೆ, ನೀರಿನ ಮೇಲ್ಪದರದಲ್ಲಿ ಮೇಯುತ್ತದೆ. ಬೆನ್ನಿನ ಮೇಲೆ ಈಜುರೆಕ್ಕೆಯಿಲ್ಲದ ಕಪ್ಪು ದೇಹ ಹಡಗಿನವರ ಕಣ್ಣಿಗೆ ಸುಲಭವಾಗಿ ಬೀಳದು. 1935ರಲ್ಲೇ ಇದರ ಬೇಟೆಗೆ ನಿಷೇಧ ಬಂದರೂ ಇಂದು ಉಳಿದಿರುವುದು 400ಕ್ಕೂ ಕಡಿಮೆ. ಮೀನುಗಾರಿಕೆಯ ಹಗ್ಗಗಳು ಮತ್ತು ಹಡಗುಗಳ ಡಿಕ್ಕಿ ಇವುಗಳ ಸಾವಿಗೆ ಮುಖ್ಯ ಕಾರಣಗಳು. ದಡಕ್ಕೆ ಬಂದು ಬಿದ್ದ ಕಳೇಬರಗಳನ್ನು ಪರೀಕ್ಷಿಸಿದಾಗ ಮುರಿದ ಮೂಳೆಗಳು, ಪ್ರೊಪೆಲರ್ ಕೊಯ್ದ ಗಾಯಗಳು ಕಂಡುಬಂದಿವೆ.

ಪರಿಹಾರ ತಿಳಿಯದ ಸಮಸ್ಯೆಯೇನೂ ಇದಲ್ಲ. ಕೆನಡಾದ ಫಂಡಿ ಕೊಲ್ಲಿಯಲ್ಲಿ 2003ರಲ್ಲಿ ಹಡಗುಗಳ ಪಥವನ್ನೇ ತಿಮಿಂಗಿಲಗಳು ಸೇರುವ ಜಾಗದಿಂದ ಪಕ್ಕಕ್ಕೆ ಸರಿಸಲಾಯಿತು. ಹಡಗಿನ ವೇಗ 15 ನಾಟ್‌ನಿಂದ 9 ನಾಟ್‌ಗಿಂತ ಕೆಳಗಿಳಿದರೆ, ಡಿಕ್ಕಿಯಾದಾಗ ತಿಮಿಂಗಿಲ ಸಾಯುವ ಸಂಭವ ಸುಮಾರು ಶೇ. 80ರಿಂದ 20ಕ್ಕೆ ಇಳಿಯುತ್ತದೆಂದು 2007ರ ಅಧ್ಯಯನವೊಂದು ತೋರಿಸಿತು. 2008ರಲ್ಲಿ ಅಮೆರಿಕವು 65 ಅಡಿ ಮತ್ತು ಅದಕ್ಕೂ ಉದ್ದದ ಹಡಗುಗಳಿಗೆ, ಗೊತ್ತುಪಡಿಸಿದ ಪ್ರದೇಶ ಮತ್ತು ಋತುಗಳಲ್ಲಿ, 10 ನಾಟ್ ವೇಗಮಿತಿಯನ್ನು ಕಡ್ಡಾಯಗೊಳಿಸಿತು.

ಆದರೆ ಪ್ರಾಣಿಗಳು ನಾವು ಎಳೆದ ಗೆರೆಯೊಳಗೆ ಇರಲಿಲ್ಲ. ಕಡಲು ಬಿಸಿಯಾಗಿ ಆಹಾರದ ನೆಲೆ ಬದಲಾದಂತೆ ತಿಮಿಂಗಿಲಗಳು ಉತ್ತರದ ಸೇಂಟ್ ಲಾರೆನ್ಸ್ ಕೊಲ್ಲಿಗೆ ಹೋಗತೊಡಗಿದವು. ಅಲ್ಲಿ ಅವುಗಳಿಗೆ ತಕ್ಕ ರಕ್ಷಣೆಯಿರಲಿಲ್ಲ. 2017ರಲ್ಲಿ ಎರಡೂ ದೇಶಗಳಲ್ಲಿ ಸೇರಿ 17 ಸತ್ತವು. ಅವುಗಳಲ್ಲಿ 12 ಕೆನಡಾದಲ್ಲೇ. ಅನಂತರ ಅಲ್ಲಿಯೂ ವೇಗಮಿತಿ ಬಂತು. ಚಿಕ್ಕ ನೌಕೆಗಳೂ ಕೊಲ್ಲಬಲ್ಲವೆಂಬ ಕಾರಣಕ್ಕೆ 35 ಅಡಿಯ ನೌಕೆಗಳಿಗೂ ನಿಯಮವನ್ನು ವಿಸ್ತರಿಸುವ ಪ್ರಸ್ತಾವ ಅಮೆರಿಕದಲ್ಲಿ 2022ರಲ್ಲಿ ಬಂದಿತ್ತು. ಅದನ್ನು 2025ರ ಜನವರಿಯಲ್ಲಿ ಹಿಂತೆಗೆದುಕೊಳ್ಳಲಾಯಿತು.

ವೇಗ ತಗ್ಗಿಸಿದರೆ ವ್ಯಾಪಾರಕ್ಕೆ ನಷ್ಟವೆಂಬ ವಾದ ನಮಗೆ ಹೊಸತಲ್ಲ. ಬಂಡೀಪುರದಲ್ಲಿ ರಾತ್ರಿ ಸಂಚಾರ ನಿಲ್ಲಿಸಿದಾಗಲೂ ಇದನ್ನೇ ಕೇಳಿದ್ದೇವೆ. ಕೆಲವು ತಾಸುಗಳ ವಿಳಂಬವನ್ನು ಲೆಕ್ಕ ಹಾಕುವವರು, ಹಲವು ವರ್ಷಗಳಿಗೊಮ್ಮೆ ಒಂದೇ ಮರಿ ಹಾಕುವ ತಾಯಿಯೊಂದು ಸತ್ತರೆ ಆಗುವ ನಷ್ಟವನ್ನು ಯಾವ ಖಾತೆಗೆ ಬರೆಯುತ್ತಾರೆ?

ಗೊಬ್ಬರ ತರಿಸುವವರೂ ಕಾಫಿ ಕಳಿಸುವವರೂ ಹಡಗಿನ ಕರಾರಿನಲ್ಲೇ ಒಂದು ಷರತ್ತು ಸೇರಿಸಬಹುದು: ತಿಮಿಂಗಿಲಗಳಿರುವೆಡೆ 10 ನಾಟ್ ಮೀರಕೂಡದು. ನಮ್ಮ ಬೆಳೆಗಾರರ ಸಂಘಗಳೂ ಸಹಕಾರಿ ಸಂಸ್ಥೆಗಳೂ ಈ ಬೇಡಿಕೆಯನ್ನು ಮುಂದಿಡಬೇಕು. ಸರಕು ನಮ್ಮದಾದ ಮೇಲೆ ಹೊಣೆಯೂ ನಮ್ಮದೇ.