ಹೊಸ ಲ್ಯಾಪ್‌ಟಾಪ್ ಕೇಳೋಕೆ ಮುಂಚೆ ಆ ಗೇರ್ ಒತ್ತಿ

ಹಳೇ ಲ್ಯಾಪ್‌ಟಾಪ್ ಸರಣಿ, ಭಾಗ 4 👇

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗೀತು. ಆಮೇಲೆ ನಮ್ಮ ಕ್ಲಾಸಲ್ಲೇ ಒಂದಷ್ಟು ಜನ ಉಬುಂಟು ಹಾಕ್ಕೊಂಡ್ರು. ಈಗ ಅವರದೇ ಮಾತು: "ಇದೂ ಸ್ಲೋ ಕಣೋ, ಮನೇಲಿ ಹೊಸದು ಕೇಳ್ತೀನಿ."

ನಾನು ಹೇಳೋದು ಇಷ್ಟೇ. ಮನೇಲಿ ಇಎಂಐ ಮಾತು ಎತ್ತೋಕೆ ಮುಂಚೆ ಲಾಗಿನ್ ಪರದೆಯ ಗೇರ್ ಚಿಹ್ನೆ ಒಂದ್ಸಲ ಒತ್ತಿ. ನಿಮ್ಮ ಹೆಸರು ಒತ್ತಿದ ಮೇಲೆ, ಪಾಸ್‌ವರ್ಡ್ ಕೇಳುವಾಗ, ಬಲಗಡೆ ಕೆಳಗೆ ಕಾಣುತ್ತೆ. ಅದರಲ್ಲಿರೋದು ಸೆಷನ್‌ಗಳ ಪಟ್ಟಿ. ಅಂದ್ರೆ ಲಾಗಿನ್ ಆದ ಮೇಲೆ ಯಾವ ಡೆಸ್ಕ್‌ಟಾಪ್ ಶುರುವಾಗ್ಬೇಕು ಅಂತ ಕೇಳೋ ಜಾಗ. ಉಬುಂಟು ತಾನಾಗಿ ಶುರು ಮಾಡೋದು ಗ್ನೋಮ್. ಚೆನ್ನಾಗಿದೆ, ಆದ್ರೆ 4 ಜಿಬಿ ರ್‍ಯಾಮ್‌ಗೆ ಭಾರ. ಐಸ್‌ಡಬ್ಲ್ಯೂಎಂ ಥರದ ಹಗುರವಾದದ್ದು ಇನ್‌ಸ್ಟಾಲ್ ಮಾಡಿದ್ರೆ ಅದೂ ಅದೇ ಪಟ್ಟಿಗೆ ಬರುತ್ತೆ. ಹಳೇದು ಎಲ್ಲೂ ಹೋಗಲ್ಲ.

ಪಟ್ಟಿಗೆ ನಮ್ಮದೇ ಸೆಷನ್ ಕೂಡ ಸೇರಿಸಬಹುದು. "ಅದೆಲ್ಲ ಬಿಸಿಎ ಹುಡುಗರ ಕೆಲಸ" ಅಂತೀರಾ? ಜರ್ನಲ್ ಎಂಟ್ರಿಗಿಂತ ಸುಲಭ ಮಾರಾಯ್ರೆ! ಯುಎಸ್ಆರ್ ಫೋಲ್ಡರ್, ಅದರೊಳಗೆ ಶೇರ್, ಅದರೊಳಗೆ ಎಕ್ಸ್‌ಸೆಷನ್ಸ್. ಅಲ್ಲಿ 'ಡೆಸ್ಕ್‌ಟಾಪ್' ಅಂತ ಕೊನೆಯಾಗೋ ನಾಲ್ಕು ಸಾಲಿನ ಫೈಲ್. ಪಟ್ಟಿಯಲ್ಲಿ ಕಾಣೋದು 'ನೇಮ್' ಮುಂದೆ ಬರೆದದ್ದು. ನನ್ನದು 'ಪರೀಕ್ಷೆ' 😄 'ಎಕ್ಸೆಕ್' ಮುಂದೆ ನಿಮ್ಮ ಸ್ಕ್ರಿಪ್ಟ್ ಇರೋ ಜಾಗ.

ಮುಖ್ಯವಾದದ್ದು ಆ ಸ್ಕ್ರಿಪ್ಟ್. ಏನೇನು ಶುರುವಾಗ್ಬೇಕೋ ಒಂದೊಂದೇ ಸಾಲು ಬರೀತಾ ಹೋಗೋದು: ವೈಫೈ ಐಕಾನ್, ಲಿಬ್ರೆಆಫೀಸ್ ಶೀಟ್. ಹಗುರ ಸೆಷನ್‌ನಲ್ಲಿ ಕನ್ನಡ ಟೈಪಿಂಗ್ ತಾನಾಗೇ ಬರದೇ ಇರಬಹುದು, ಅದಕ್ಕೆ ಐಬಸ್‌ಗೂ ಒಂದು ಸಾಲು ಇರಲಿ. ಕೊನೇ ಸಾಲು ಐಸ್‌ಡಬ್ಲ್ಯೂಎಂ-ಸೆಷನ್, ಅದರ ಮುಂದೆ ಆಂಪರ್‌ಸ್ಯಾಂಡ್ ಬೇಡ. ಸ್ಕ್ರಿಪ್ಟ್ ಮುಗಿದ್ರೆ ಸೆಷನ್ನೇ ಮುಗೀತು ಅಂತ ಲೆಕ್ಕ, ವಾಪಸ್ ಲಾಗಿನ್ ಪರದೆಗೆ ತಳ್ಳುತ್ತೆ. ಸ್ಕ್ರಿಪ್ಟ್‌ಗೆ ರನ್ ಆಗೋ ಅನುಮತಿನೂ ಕೊಡಿ. ಏನಾದ್ರೂ ಕೈಕೊಟ್ರೆ ಅದೇ ಗೇರ್ ಒತ್ತಿ ಗ್ನೋಮ್‌ಗೆ ಹೋಗಿ, ತಿದ್ದಿ ಬನ್ನಿ. ಯಾವ ಯೂಸರ್ ಯಾವ ಸೆಷನ್ ಆರಿಸಿದ್ರು ಅನ್ನೋದು ಅದಕ್ಕೆ ನೆನಪಿರುತ್ತೆ, ಹಾಗಾಗಿ ಮನೇಲಿ ಒಂದೇ ಲ್ಯಾಪ್‌ಟಾಪ್ ಇದ್ರೂ ತಂಗಿಗೆ ಗ್ನೋಮ್, ನಿಮಗೆ ನಿಮ್ಮದು.

ನಮ್ಮ ಸಬ್ಜೆಕ್ಟ್‌ನಲ್ಲೇ ನೋಡಿ. ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಕಂಪ್ಯೂಟರ್‌ಗೆ ವರ್ಷಕ್ಕೆ 40% ಡಿಪ್ರಿಸಿಯೇಷನ್. 40,000 ರೂಪಾಯಿಯದು ಮೂರು ವರ್ಷಕ್ಕೆ ಪುಸ್ತಕದಲ್ಲಿ 8,640. ಅಷ್ಟಕ್ಕೇ ಮೆಷಿನ್ ಸಾಯೋದಿಲ್ಲ! ನಾವು ಮಾಡೋ ಶೀಟ್, ಪಿಡಿಎಫ್, ಪ್ರಾಜೆಕ್ಟ್ ರಿಪೋರ್ಟ್‌ಗೆ ಅದರಲ್ಲಿ ಇನ್ನೂ ಜೀವ ಇದೆ. ಅಪ್ಪನ ಸಂಬಳದಲ್ಲಿ ಹನ್ನೆರಡು ಕಂತು ಕಟ್ಟಿಸೋದಕ್ಕೆ ಕಾರಣ ಒಂದು ಭಾರದ ಡೆಸ್ಕ್‌ಟಾಪ್ ಅಂದ್ರೆ ನನಗಂತೂ ಒಪ್ಪಿಗೆ ಇಲ್ಲ.

ಮ್ಯಾಜಿಕ್ ಏನಲ್ಲ. ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆಗೆದ್ರೆ ಯಾವ ಸೆಷನ್ ಆದ್ರೂ ಒದ್ದಾಡುತ್ತೆ. ಟ್ಯಾಲಿಗೆ ವಿಂಡೋಸೇ ಬೇಕು, ಅದಕ್ಕೆ ಕಾಲೇಜ್ ಲ್ಯಾಬೇ ಗತಿ.

ನಿಮ್ಮ ಗೇರ್ ಪಟ್ಟಿಯಲ್ಲಿ ಏನೇನಿದೆ, ಕಾಮೆಂಟ್‌ನಲ್ಲಿ ಹಾಕಿ.

#ಕನ್ನಡದಲ್ಲಿ_ಲಿನಕ್ಸ್ #ಹಳೇ_ಲ್ಯಾಪ್‌ಟಾಪ್